ಐದನೇ ಸಾಲಿನ ತುಂಗಮ್ಮ

ನಮ್ಮೂರಿನಲ್ಲಿ ಹೆಣ್ಣು ಕೇಳಲು ಬಂದವರು ಜಾತಕ ಬಿಚ್ಚುವ ಮೊದಲು ಒಂದು ಮಾತು ವಿಚಾರಿಸುತ್ತಾರೆ: ನಿಮ್ಮದು ಯಾವ ಕೇರಿಯ ಕಿಟಕಿ? ಪೇಟೆಕೇರಿ ಅಂದರೆ ಬಂದವರ ಮುಖ ಅರಳುತ್ತದೆ. ಗುಡ್ಡದಕೇರಿ ಅಂದರೆ ಹುಡುಗಿಯ ಹೆಸರು ಎಷ್ಟು ಅಕ್ಷರದ್ದು ಎಂದು ಕೇಳುತ್ತಾರೆ. ಹೊಳೆಕೇರಿ ಅಂದರೆ ಮಾತ್ರ ಮನೆಯಲ್ಲಿ ಎಷ್ಟು ಜನ ಎಂದು ಕಣ್ಣಲ್ಲೇ ಎಣಿಸಿ, ಕಾಫಿ ಕುಡಿದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದುಬಿಡುತ್ತಾರೆ. ಅವರ ಊರೂ ಇದೇ.

ಕಿಟಕಿ ಅಂದರೆ ಗೋಡೆಯದ್ದಲ್ಲ, ಕಂಪ್ಯೂಟರಿನದು. ಊರಿನವರೆಲ್ಲರ ಹೆಸರು ಹಿಡಿದಿಟ್ಟಿರುವ ಒಂದು ತಂತ್ರಾಂಶ ಇದೆ, ಅದಕ್ಕೆ ಊರಪಟ್ಟಿ ಎಂದು ಹೆಸರು. ಮೂರು ಕೇರಿಗೆ ಮೂರು ಕಚೇರಿ, ಮೂರರಲ್ಲೂ ಬೇರೆ ಬೇರೆ ಜಾತಿಯ ಯಂತ್ರ. ತಂತ್ರಾಂಶ ಮಾತ್ರ ಒಂದೇ. ಒಂದು ಸಲ ಬರೆದರೆ ಸಾಕು, ಎಲ್ಲ ಜಾತಿಯ ಯಂತ್ರದ ಮೇಲೂ ಸಮಾನವಾಗಿ ಓಡುತ್ತದೆ ಎಂದು ಉದ್ಘಾಟನೆಯ ದಿನ ದೊಡ್ಡ ಕಚೇರಿಯವರು ಶಾಲು ಹೊದ್ದು ಭಾಷಣ ಮಾಡಿದ್ದರು. ಓಡಿದ್ದು ನಿಜ. ಪೇಟೆಕೇರಿಯಲ್ಲಿ ಕಿಟಕಿ ಅಚ್ಚುಕಟ್ಟಾಗಿ ತೆರೆದುಕೊಂಡು ಮನೆಯ ಹತ್ತು ಜನರನ್ನೂ, ಕೆಳಗಿನ ಗುಂಡಿಗಳನ್ನೂ ತೋರಿಸಿತು. ಗುಡ್ಡದಕೇರಿಯಲ್ಲಿ ಪರದೆಗಿಂತ ಕಿಟಕಿಯೇ ದೊಡ್ಡದಾಗಿ, ಎಲ್ಲರ ಹೆಸರೂ ಮೂರನೆಯ ಅಕ್ಷರಕ್ಕೆ ಪರದೆಯಿಂದಾಚೆ ಹೋಯಿತು. ನಮ್ಮ ಹೊಳೆಕೇರಿಯಲ್ಲಿ ಅದು ಬೆಂಕಿಪೊಟ್ಟಣದಷ್ಟಾಗಿ ತೆರೆದುಕೊಂಡಿತು. ನಾಲ್ಕು ಸಾಲು. ಅದರ ಕೆಳಗೆ ಏನಿದೆಯೋ ಕಾಣದು.

ಊರಿನ ಕಾಯಿದೆ ಪ್ರಕಾರ ಕಿಟಕಿಯಲ್ಲಿ ಕಂಡವರು ಇದ್ದಾರೆ, ಕಾಣದವರು ಇಲ್ಲ. ರೇಷನ್ನಿಗೂ ಶಾಲೆಗೂ ಆಸ್ಪತ್ರೆಗೂ ಕಿಟಕಿಯ ಚೀಟಿ ಬೇಕು, ಚೀಟಿಯಲ್ಲಿ ಕಂಡಷ್ಟೇ ಅಚ್ಚಾಗುತ್ತದೆ. ಜನ ದಂಗೆಯೇನೂ ಏಳಲಿಲ್ಲ. ಗುಡ್ಡದಕೇರಿಯವರು ಮಕ್ಕಳಿಗೆ ಉಮಾ, ರವಿ, ಜಯ ಎಂದು ಹೆಸರಿಡತೊಡಗಿದರು. ಅಲ್ಲಿನ ದೊಡ್ಡ ಸಾಹುಕಾರ ಮಲ್ಲಿಕಾರ್ಜುನಯ್ಯನವರು ಅಧಿಕೃತವಾಗಿ ಮಲ್ಲಿಕಾ ಆಗಿ, ಮಹಿಳಾ ಸಂಘದ ಸಭೆಗೆ ಪ್ರತಿ ತಿಂಗಳೂ ನೋಟೀಸು ಬರುತ್ತಿದ್ದುದರಿಂದ, ಮೊದಮೊದಲು ಸಿಡುಕಿ ಆಮೇಲೆ ಹೋಗಿ ಕೂರುವುದನ್ನು ರೂಢಿ ಮಾಡಿಕೊಂಡರು. ಈಗ ಅವರೇ ಖಜಾಂಚಿ. ನಮ್ಮ ಕೇರಿಯವರು ಮನೆಗೆ ನಡುವೆ ಗೋಡೆ ಎಬ್ಬಿಸಿ ಒಂದಕ್ಕೆ ಎರಡು ಮನೆ ನಂಬರು ಮಾಡಿಸಿಕೊಂಡರು. ಕೆಲವರ ಅಡಿಗೆಮನೆ ಒಂದು ನಂಬರಿನಲ್ಲಿ, ಒಲೆ ಇನ್ನೊಂದರಲ್ಲಿ. ಕಳೆದ ವರ್ಷ ಹೊಸ ನಂಬರು ಕೊಡುವುದನ್ನು ನಿಲ್ಲಿಸಿದರು.

ಕಿಟಕಿಯ ಮೂಲೆ ಹಿಡಿದು ಎಳೆದರೆ ದೊಡ್ಡದಾಗುತ್ತದಲ್ಲ ಎಂದು ನೀವು ಕೇಳಬಹುದು. ಆಗುತ್ತದೆ. ಅದನ್ನು ಮಾಡಕೂಡದು. ನನ್ನ ಯಂತ್ರದ ಮೇಲ್ಗಡೆ ಕಟ್ಟು ಹಾಕಿಸಿದ ಸುತ್ತೋಲೆ ತೂಗುತ್ತಿದೆ: "ಕಿಟಕಿಯು ತಾನು ತೆರೆದುಕೊಂಡ ಅಳತೆಯಲ್ಲಿಯೇ ಇರತಕ್ಕದ್ದು. ಅಂಚನ್ನು ಹಿಡಿದು ಎಳೆಯತಕ್ಕದ್ದಲ್ಲ." ಎಳೆದ ಗುಮಾಸ್ತನಿಗೆ ಕೆಲಸ ಹೋಗುತ್ತದೆ. ಬೇರೆಯವರು ಎಳೆದರೆ ಅವರ ಮನೆಯ ಹೆಸರನ್ನು ಒಂದು ವರ್ಷ ಯಾವ ಕಿಟಕಿಯಲ್ಲೂ ತೆರೆಯುವುದಿಲ್ಲ. ನಮ್ಮಲ್ಲಿ ಹೆಂಗಸರು ಜಗಳಕ್ಕೆ ಬಿದ್ದರೆ ಒಬ್ಬರನ್ನೊಬ್ಬರು ಅಂಚೆಳೆಯುವವಳು ಎನ್ನುತ್ತಾರೆ. ಅದಕ್ಕಿಂತ ಕೆಟ್ಟ ಬೈಗುಳ ನಮ್ಮ ಕೇರಿಯಲ್ಲಿಲ್ಲ.

ಆ ಯಂತ್ರದ ಮುಂದೆ ಇಪ್ಪತ್ತೆರಡು ವರ್ಷದಿಂದ ಕೂತಿರುವವನು ನಾನು, ಕಿಟಕಿ ಗುಮಾಸ್ತ ಪದ್ಮಯ್ಯ. ಈಗ ಹೇಳಹೊರಟಿರುವುದು ದರ್ಜಿ ಶಾಂಭವಿಯ ವಿಷಯ. ನಡುವೆ ನಾನೂ ಬರುತ್ತೇನೆ, ತಪ್ಪಿಸುವ ಹಾಗಿಲ್ಲ.

ಶಾಂಭವಿ ಮನೆಯ ಪಡಸಾಲೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಕೇರಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳು. ಗಂಡ ಬಸವಂತ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಇಬ್ಬರು ಹೆಣ್ಣುಮಕ್ಕಳು, ಚೈತ್ರ ಮತ್ತು ಪೂರ್ವಿ. ಒಟ್ಟು ನಾಲ್ಕು, ಕಿಟಕಿಗೆ ಅಳೆದು ಹೊಲಿದ ಸಂಸಾರ. ಹೀಗಿರುವಾಗ ಬಸವಂತನ ತಾಯಿ ತುಂಗಮ್ಮ ದೊಡ್ಡ ಮಗನ ಮನೆಯಲ್ಲಿ ಸೊಸೆಯೊಡನೆ ಮುನಿಸಿಕೊಂಡು, ಒಂದು ಟ್ರಂಕು ಮತ್ತು ಒರಳುಕಲ್ಲಿನ ಗುಂಡು ಹೊತ್ತುಕೊಂಡು ಬಂದಳು. ದೊಡ್ಡ ಕಚೇರಿಯವರು ಅವಳ ಹೆಸರನ್ನು ಈ ಮನೆಗೆ ಸೇರಿಸಿದರು. ಪಟ್ಟಿಯಲ್ಲಿ ಬಂದ ಕ್ರಮಕ್ಕೆ ಬೆಲೆ, ವಯಸ್ಸಿಗಲ್ಲ. ತುಂಗಮ್ಮ ಐದನೆಯವಳಾದಳು.

ಎರಡು ವರ್ಷ ಯಾರಿಗೂ ತೊಂದರೆಯಾಗಲಿಲ್ಲ. ಸೊಸೆ ಹೊಲಿದದ್ದಕ್ಕೆ ತುಂಗಮ್ಮ ಕಾಜಾ ಹಾಕಿ ಗುಂಡಿ ಹಚ್ಚುತ್ತಿದ್ದಳು. ಮೂರನೆಯ ವರ್ಷ ಗುಂಡಿಗಳು ಅತ್ತಿತ್ತ ಹೋಗತೊಡಗಿದವು. ಒಂದು ದಿನ ಮೇಲಿನ ಗುಂಡಿಗೆ ಕೆಳಗಿನ ಕಾಜಾ ಬಂದು, ರವಿಕೆ ಹಾಕಿಕೊಂಡವರು ಕತ್ತು ವಾರೆ ಮಾಡಿಕೊಂಡೇ ವಾಪಸು ಕೊಡಲು ಬಂದರು. ಶಾಂಭವಿ ಅತ್ತೆಯ ಮುಖವನ್ನು ಬೆಳಕಿಗೆ ಹಿಡಿದು ನೋಡಿದಳು. ಎರಡು ಕಣ್ಣಿಗೂ ಪೊರೆ ಬಂದಿತ್ತು. ಊರಿನ ಆಸ್ಪತ್ರೆಯ ಕಣ್ಣಿನ ಡಾಕ್ಟರು ಪರೀಕ್ಷಿಸಿ, "ಬೇಗ ಮಾಡಿಸಿಬಿಡಿ. ಹೀಗೇ ಬಿಟ್ಟರೆ ಒಳಗೆ ಒತ್ತಡ ಏರಿ ನರ ಹೋಗುತ್ತೆ, ಆಮೇಲೆ ಏನು ಮಾಡಿದರೂ ಬರಲ್ಲ" ಎಂದರು. ಒಂದು ತಿಂಗಳ ಆಚೆಗೆ ದಿನ ಗೊತ್ತುಮಾಡಿ, ಕಿಟಕಿ ಚೀಟಿ ತನ್ನಿ ಎಂದು ಬರೆದುಕೊಟ್ಟರು.

ಹಾಗೆ ಅವಳು ಅತ್ತೆಯ ಕೈಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು. ನಾನು ಮನೆ ನಂಬರು ಒತ್ತಿದೆ. ಬಸವಂತ, ಶಾಂಭವಿ, ಚೈತ್ರ, ಪೂರ್ವಿ. ಅಲ್ಲಿಗೆ ಮುಗಿಯಿತು.

"ತುಂಗಮ್ಮ ಅನ್ನೋರು ಈ ಮನೆಯಲ್ಲಿ ಇಲ್ಲಮ್ಮ," ಎಂದೆ.

"ಇಲ್ಲೇ ನಿಂತಿದ್ದಾರಲ್ಲ ಪದ್ಮಯ್ಯನೋರೆ."

"ನಿಂತಿರೋದು ಬೇರೆ, ಇರೋದು ಬೇರೆ."

ಇದನ್ನು ನಾನು ಹಗುರವಾಗಿ ಹೇಳಲಿಲ್ಲ. ಅಷ್ಟು ವರ್ಷದಲ್ಲಿ ಸಾವಿರ ಸಲ ಹೇಳಿ ಆ ಮಾತಿಗೆ ನನ್ನ ಬಾಯಲ್ಲಿ ಒಂದು ಗಾಂಭೀರ್ಯವೇ ಬಂದಿತ್ತು. ತುಂಗಮ್ಮ ನನ್ನ ದನಿ ಬಂದ ಕಡೆಗೆ ಮುಖ ಮಾಡಿ, "ಇವನು ಏನಂದ?" ಎಂದು ಸೊಸೆಯನ್ನು ಕೇಳಿದಳು. "ಏನಿಲ್ಲ ಅತ್ತೆ, ನಾಳೆ ಬನ್ನಿ ಅಂದರು," ಎಂದು ಶಾಂಭವಿ ಅವಳನ್ನು ಬೆಂಚಿನ ಮೇಲೆ ಕೂರಿಸಿದಳು.

ಮರುದಿನ ಒಬ್ಬಳೇ ಬಂದಳು. ಪೇಟೆಕೇರಿಯಲ್ಲಿ ಅವಳ ನಾದಿನಿಯ ಮನೆ ಇತ್ತು. ಅತ್ತೆಯ ಹೆಸರನ್ನು ಅಲ್ಲಿಗೆ ವರ್ಗ ಮಾಡಿಕೊಡಿ, ಅಲ್ಲಿನ ಕಿಟಕಿ ದೊಡ್ಡದು ಎಂದಳು. ವರ್ಗ ಮಾಡಬೇಕಾದರೆ ಹೆಸರು ಮೊದಲು ಇಲ್ಲಿ ಕಾಣಬೇಕು, ಇಲ್ಲದವರನ್ನು ಕಳಿಸಲು ಬರುವುದಿಲ್ಲ ಎಂದೆ. ಅವಳು, "ಹಾಗಾದ್ರೆ ಮೇಲಿನವರಲ್ಲಿ ಒಬ್ಬರನ್ನು ತೆಗೀರಿ. ಐದನೆಯವರು ನಾಲ್ಕಕ್ಕೆ ಬರ್ತಾರೆ" ಎಂದಳು.

"ಯಾರನ್ನ?"

"ನನ್ನನ್ನೇ ತೆಗೀರಿ. ನಾನು ಆಸ್ಪತ್ರೆಗೆ ಹೋಗಿ ಎಷ್ಟು ವರ್ಷ ಆಯ್ತೋ. ಬಟ್ಟೆ ಹೊಲಿಯೋಕೆ ಹೆಸರು ಬೇಡ."

ನಾನು ಹೇಳಬೇಕಾದದ್ದನ್ನು ಹೇಳಿದೆ. "ತೆಗೆಯೋ ಗುಂಡಿ ಕಿಟಕಿಯ ಕೆಳತುದಿಯಲ್ಲಿ ಇದೆಯಮ್ಮ. ಅದೂ ಕಾಣಲ್ಲ. ಅದಕ್ಕೇ ನಮ್ಮ ಕೇರಿಯಲ್ಲಿ ಸತ್ತವರ ಹೆಸರೂ ಹೋಗಿಲ್ಲ." ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹೊಳೆಕೇರಿಯ ಎಷ್ಟೋ ಮನೆಯಲ್ಲಿ ಮೇಲಿನ ಮೂರು ಸಾಲು ತೀರಿಕೊಂಡವರದು. ಅವರ ಹೆಸರಿಗೆ ರೇಷನ್ನು ತಪ್ಪದೆ ಬರುತ್ತದೆ, ಕೆಳಗಿನ ಸಾಲಿನವರು ಅದರಲ್ಲಿ ಉಣ್ಣುತ್ತಾರೆ. ಶ್ರಾದ್ಧದ ದಿನ ಬದುಕಿರುವವರು ಸತ್ತವರಿಗೆ ಮಾಡುವ ಕೆಲಸವನ್ನು ಅವರ ಹಿರಿಯರು ಪ್ರತಿ ತಿಂಗಳೂ ತಿರುಗಿಸಿ ಮಾಡುತ್ತಾರೆ ಎನ್ನಬಹುದು.

ಶಾಂಭವಿ ದೊಡ್ಡ ಕಚೇರಿಗೆ ಅರ್ಜಿ ಬರೆದಳು. ಹನ್ನೆರಡು ದಿನಕ್ಕೆ ಉತ್ತರ ಬಂತು. ಕಿಟಕಿಯ ಅಳತೆಯನ್ನು ತಜ್ಞರು ಬಹಳ ಆಲೋಚಿಸಿ ಗೊತ್ತುಮಾಡಿದ್ದಾರೆ, ಮನೆಯವರು ತಮ್ಮ ಅಳತೆಯನ್ನು ಅದಕ್ಕೆ ಹೊಂದಿಸಿಕೊಳ್ಳುವುದು ಅಪೇಕ್ಷಣೀಯ ಎಂದಿತ್ತು. ಆ ಕಾಗದವನ್ನು ನನಗೇ ಓದಲು ಕೊಟ್ಟಳು. ಓದಿ ಮುಗಿಸಿದಾಗ ಅವಳು ಹೇಳಿದಳು: "ರವಿಕೆ ಬಿಗಿಯಾದರೆ ನಾವು ಹೊಲಿಗೆ ಬಿಚ್ತೀವಿ ಪದ್ಮಯ್ಯನೋರೆ. ತೊಟ್ಟವರ ತೋಳು ಕತ್ತರಿಸಿ ಅಂತ ಹೇಳಲ್ಲ."

"ನೀನು ಹೇಳೋದು ಸರಿ," ಎಂದೆ. ಸರಿ ಎನ್ನುವುದಕ್ಕೆ ನನಗೆ ಯಾವ ಅಡ್ಡಿಯೂ ಇರಲಿಲ್ಲ. ಸುತ್ತೋಲೆಯಲ್ಲಿ ಅದರ ಬಗ್ಗೆ ಏನೂ ಬರೆದಿರಲಿಲ್ಲ.

ಆಪರೇಷನ್ನಿಗೆ ಎಂಟು ದಿನ ಇರುವಾಗ ಅತ್ತೆಯನ್ನು ಕರೆದುಕೊಂಡು ಮತ್ತೆ ಬಂದಳು. ಸೋಮವಾರ, ಹನ್ನೊಂದು ಗಂಟೆ, ಸಾಲಿನಲ್ಲಿ ಹದಿನೈದು ಜನ. ಅಷ್ಟು ದಿನದಲ್ಲಿ ತುಂಗಮ್ಮನಿಗೆ ಮೆಟ್ಟಿಲೂ ಕಾಣದಂತಾಗಿತ್ತು. ಬಾಗಿಲಲ್ಲಿ ಎಡವಿ ಮೊಣಕಾಲು ತರಚಿಕೊಂಡಿದ್ದಳು. ಶಾಂಭವಿ ಸೆರಗಿನಿಂದ ಆ ರಕ್ತ ಒರೆಸಿ, ನನ್ನ ಮೇಜಿನ ಹತ್ತಿರ ಬಂದು, "ನಮ್ಮ ಮನೆ ತೆಗೀರಿ" ಎಂದಳು. ತೆಗೆದೆ. ನಾಲ್ಕು ಸಾಲು ಬಂತು. "ಅತ್ತೆಗೆ ಒಂದು ಲೋಟ ನೀರು ಕೊಡ್ತೀರಾ?" ಎಂದಳು. ನಾನು ಹೂಜಿಯ ಕಡೆ ತಿರುಗಿದೆ.

ತಿರುಗಿ ನೋಡುವಷ್ಟರಲ್ಲಿ ಅವಳು ಮೇಜಿನ ಮೇಲೆ ಬಾಗಿ ಮೌಸ್ ಹಿಡಿದಿದ್ದಳು. ಅವಳಿಗೆ ಅದರ ಅಭ್ಯಾಸ ಇರಲಿಲ್ಲ. ಬಾಣದ ಗುರುತು ಪರದೆಯ ಮೇಲೆಲ್ಲ ಅಲೆದು, ಎರಡು ಸಲ ತಪ್ಪಿ, ಮೂರನೆಯ ಸಲ ಕಿಟಕಿಯ ಕೆಳಮೂಲೆಗೆ ಬಂದು ನಿಂತಿತು. ಅವಳು ಎಳೆದಳು. ಸೀರೆಯ ಅಂಚನ್ನು ಮಡಿಕೆಯಿಂದ ಬಿಡಿಸುವಂತೆ, ನಿಧಾನವಾಗಿ, ಎಲ್ಲಿಯೂ ಸುಕ್ಕಾಗದ ಹಾಗೆ ಎಳೆದಳು. ಐದನೇ ಸಾಲು ಬಂತು. ತುಂಗಮ್ಮ, ಗಂಡ ಶಿವಬಸಪ್ಪ, ವಯಸ್ಸು ಅರವತ್ತೊಂಬತ್ತು, ಜೀವಂತ. ಅದರ ಕೆಳಗೆ ಇಷ್ಟು ವರ್ಷ ನಾನು ಹೆಸರು ಮಾತ್ರ ಕೇಳಿದ್ದ ಗುಂಡಿಗಳೆಲ್ಲ ಸಾಲಾಗಿ ಕೂತಿದ್ದವು: ವರ್ಗ, ತಿದ್ದು, ತೆಗೆ. ಧೂಳೂ ಹಿಡಿದಿರಲಿಲ್ಲ. ಸಾಲಿನಲ್ಲಿದ್ದವರು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿ ನೋಡುತ್ತಿದ್ದರು.

"ಚೀಟಿ ಗುಂಡಿ ಯಾವುದು?" ಎಂದು ಶಾಂಭವಿ ಕೇಳಿದಳು.

ನನ್ನ ಕೈಯಲ್ಲಿ ನೀರಿನ ಲೋಟ. ನನ್ನ ಕಣ್ಣು ಮೇಲಿನ ಬಲಮೂಲೆಗೆ ಹೋಗಿರಬೇಕು, ಅವಳು ಅಲ್ಲೇ ಒತ್ತಿದಳು. ಚೀಟಿ ಹೊರಬಂತು. ಐದು ಹೆಸರು. ಅದನ್ನು ಮಡಿಸಿ ರವಿಕೆಯೊಳಗೆ ಇಟ್ಟುಕೊಂಡು, ನನ್ನ ಕೈಯಿಂದ ಲೋಟ ಇಸಿದುಕೊಂಡು ಅತ್ತೆಗೆ ನೀರು ಕುಡಿಸಿ, ಹೊರಟುಹೋದಳು. ಮುಂದಿನವನ ಮನೆ ನಂಬರು ಒತ್ತಿದಾಗ ಕಿಟಕಿ ಮತ್ತೆ ಬೆಂಕಿಪೊಟ್ಟಣವಾಗಿತ್ತು.

ಆ ಸಂಜೆ ನಾನು ದೊಡ್ಡ ಕಚೇರಿಗೆ ವರದಿ ಬರೆದೆ. ಯಾರೂ ಬರೆಯಲು ಹೇಳಿರಲಿಲ್ಲ. ಹದಿನೈದು ಜನ ನೋಡಿದ್ದಾರೆ, ಒಬ್ಬರಾದರೂ ಬಾಯಿಬಿಡುತ್ತಾರೆ, ಆಗ ಗುಮಾಸ್ತನೇ ಎಳೆದ ಎಂದಾಗುತ್ತದೆ ಎಂದು ಹೆದರಿದೆ. ಮನೆ ನಂಬರು, ಹೆಸರು, ಗಂಟೆ, ಎಳೆದ ಅಳತೆ ಸುಮಾರು ನಾಲ್ಕು ಬೆರಳು ಎಂದು ನಮೂದಿಸಿ, ಅಕ್ಷರ ದುಂಡಗೆ ಬರಲಿ ಎಂದು ಎರಡನೇ ಸಲ ನಕಲು ಮಾಡಿದೆ. ಆ ಹದಿನೈದು ಜನರಲ್ಲಿ ಇವತ್ತಿನವರೆಗೂ ಒಬ್ಬರೂ ಬಾಯಿಬಿಟ್ಟಿಲ್ಲ.

ಆಸ್ಪತ್ರೆಗೆ ತಕ್ಷಣ ಆದೇಶ ಹೋಯಿತು: ವಿಚಾರಣೆ ಮುಗಿಯುವ ತನಕ ಆ ಚೀಟಿ ತಡೆಹಿಡಿಯತಕ್ಕದ್ದು. ಬಸವಂತ ಟ್ಯಾಂಕರನ್ನು ಕಚೇರಿಯ ಮುಂದೆ ನಿಲ್ಲಿಸಿ ಒಳಗೆ ಬಂದ. ದೊಡ್ಡ ಆಳು. ಹೊಡೆಯುತ್ತಾನೆ ಎಂದುಕೊಂಡೆ. ಅವನು ನನ್ನನ್ನು ನೋಡಿ, "ನಿಮ್ಮ ಮನೆಗೂ ನಾನೇ ಅಲ್ಲವಾ ನೀರು ಹಾಕೋದು?" ಎಂದಷ್ಟೇ ಕೇಳಿ ಹೋದ. ನೀರು ಹಾಕುವುದನ್ನು ಅವನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಅವನ ನೀರು ಕುಡಿಯುವ ಕಷ್ಟ ನನಗೆ ತಪ್ಪುತ್ತಿತ್ತು.

ಆಪರೇಷನ್ನಿಗೆ ಎರಡು ದಿನ ಇರುವಾಗ ತಪಾಸಣೆಯ ಅಧಿಕಾರಿ ಚಿದಂಬರ ಎನ್ನುವವರು ಬಂದರು. ನಲವತ್ತರೊಳಗಿನವರು, ಶರ್ಟಿಗೆ ಇಸ್ತ್ರಿ ಗೆರೆ ಚಾಕುವಿನಂತೆ. ಹೆಗಲಿನ ಚೀಲದಿಂದ ತಮ್ಮದೇ ತೆಳ್ಳನೆಯ ಯಂತ್ರ ತೆಗೆದು ನನ್ನ ಮೇಜಿನ ಮೇಲಿಟ್ಟರು. ಶಾಂಭವಿಯನ್ನು ಎದುರು ನಿಲ್ಲಿಸಿ, ನನ್ನ ವರದಿಯನ್ನು ಗಟ್ಟಿಯಾಗಿ ಓದಿದರು. ಅವಳು ಓದುವವರನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು.

"ಇದು ನಿಜವೇನಮ್ಮ?"

"ನಿಜ. ಎಳೆದೆ."

"ಇಲ್ಲಿ ಎಳೆದು ತೋರಿಸು." ಅವರು ತಮ್ಮ ಯಂತ್ರವನ್ನು ಅವಳ ಕಡೆ ತಿರುಗಿಸಿದರು. ಅದರಲ್ಲಿ ಊರಪಟ್ಟಿಯ ಕಿಟಕಿ ಪರದೆ ತುಂಬ ತೆರೆದುಕೊಂಡಿತ್ತು. ನಾಲ್ಕು ಕಡೆಯೂ ಅಂಚೇ ಇರಲಿಲ್ಲ. ಶಾಂಭವಿ ಬಾಣದ ಗುರುತನ್ನು ಮೂಲೆಯಿಂದ ಮೂಲೆಗೆ ಒಯ್ದಳು. ಹಿಡಿಯಲು ಏನೂ ಸಿಗಲಿಲ್ಲ.

"ಇದರಲ್ಲಿ ಆಗೋಲ್ಲ," ಎಂದಳು.

"ಅದೇ ನಾನು ಹೇಳೋದು," ಎಂದರು ಚಿದಂಬರ. "ಇಲ್ಲದ ಅಂಚನ್ನು ಹೇಗೆ ಎಳೀತಾರೆ?"

"ಸಾರ್, ಈ ಕಚೇರಿಯ ಯಂತ್ರದಲ್ಲಿ ಅಂಚು ಇದೆ," ಎಂದೆ ನಾನು. ಯಾಕೆ ಹಾಗೆಂದೆನೋ ನನಗೆ ಈಗಲೂ ತಿಳಿಯದು. ವರದಿ ಸುಳ್ಳಾಗಬಾರದು ಎಂಬ ಹಟ ಇರಬೇಕು.

ಅವರು ನನ್ನ ಯಂತ್ರದ ಕಡೆ ಕಣ್ಣೂ ಹಾಯಿಸಲಿಲ್ಲ. "ನಿಮ್ಮ ಯಂತ್ರದಲ್ಲಿ ಏನಾಗುತ್ತೆ ಅನ್ನೋದು ನನ್ನ ವಿಷಯ ಅಲ್ಲ ಪದ್ಮಯ್ಯ. ತಂತ್ರಾಂಶ ಬರೆದವರು ಇದೇ ಜಾತಿಯ ಯಂತ್ರದ ಮೇಲೆ ಬರೆದದ್ದು. ಇದರಲ್ಲಿ ಆಗದೇ ಇರೋದು ಎಲ್ಲೂ ಆಗಲ್ಲ." ಎಂದು, ಷರಾ ಬರೆದರು: ಅಂಚು ಎಳೆದ ಘಟನೆ ನಡೆದಿರುವುದಿಲ್ಲ. ಘಟನೆ ನಡೆಯದಿದ್ದುದರಿಂದ ಚೀಟಿಯು ಕ್ರಮಬದ್ಧವಾಗಿಯೇ ಬಂದಿರತಕ್ಕದ್ದು. ತಡೆ ತೆರವುಗೊಳಿಸಲಾಗಿದೆ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಆಗದ್ದನ್ನು ಆಯಿತು ಎಂದು ವರದಿ ಮಾಡುವ ಮೊದಲು ಸ್ವಲ್ಪ ಯೋಚಿಸಿ, ವಯಸ್ಸಾಗುತ್ತಿದೆ, ನಿಮ್ಮ ಕಣ್ಣನ್ನೂ ಒಮ್ಮೆ ತೋರಿಸಿಕೊಳ್ಳಿ ಎಂದರು.

ಶಾಂಭವಿ ಬಾಗಿಲಲ್ಲಿ ನಿಂತು ಆ ಷರಾವನ್ನು ಎರಡು ಸಲ ಓದಿದಳು. ನಗಲೂ ಇಲ್ಲ, ಕೈಮುಗಿಯಲೂ ಇಲ್ಲ. ಒಂದು ತಿಂಗಳು ಅಲೆದು ಕೈಯಾರೆ ಮಾಡಿದ ಕೆಲಸವನ್ನು ಒಬ್ಬರು ಬಂದು ನಡೆದೇ ಇಲ್ಲ ಎಂದರೆ ಸಂತೋಷಪಡುವುದು ಹೇಗೆ ಎಂದು ಅವಳಿಗೆ ಹೊಳೆಯಲಿಲ್ಲವೇನೋ. ಕಾಗದವನ್ನು ಮಡಿಸಿಕೊಂಡು ನೇರವಾಗಿ ಆಸ್ಪತ್ರೆಗೆ ನಡೆದಳು.

ಗೊತ್ತಾದ ದಿನವೇ ತುಂಗಮ್ಮನ ಒಂದು ಕಣ್ಣಿಗೆ ಆಪರೇಷನ್ ಆಯಿತು, ಆಮೇಲೆ ಇನ್ನೊಂದಕ್ಕೆ. ಕಪ್ಪು ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತಾಳೆ, ಹೋಗಿಬರುವವರ ಸೀರೆಯ ಬಣ್ಣವನ್ನೆಲ್ಲ ಹೇಳುತ್ತಾಳೆ ಎಂದು ಸುದ್ದಿ ಬರುತ್ತಿತ್ತು. ನಾನು ಆ ಬೀದಿ ಬಿಟ್ಟು ಸುತ್ತುಹಾಕಿ ಮನೆಗೆ ಹೋಗುತ್ತಿದ್ದೆ. ಕೇರಿಯಲ್ಲಿ ಇನ್ನೊಂದು ಬದಲಾವಣೆಯೂ ಶುರುವಾಗಿತ್ತು. ಜನ ಕಚೇರಿಗೆ ಬಂದು ತಮ್ಮ ಮನೆ ತೆಗೆಸಿ, ಪದ್ಮಯ್ಯನೋರೆ ಒಂದು ಲೋಟ ನೀರು ಎನ್ನುತ್ತಿದ್ದರು. ಹದಿನೈದು ಇಪ್ಪತ್ತು ಜನರಿಗೆ ದಿನವೂ ಬಾಯಾರಿಕೆ. ನಾನು ಹೂಜಿಯ ಕಡೆ ತಿರುಗುತ್ತಿದ್ದೆ, ತಿರುಗಿ ಸಾವಕಾಶವಾಗಿ ನೀರು ಬಗ್ಗಿಸುತ್ತಿದ್ದೆ. ವರದಿ ಬರೆಯಲಿಲ್ಲ. ಆಗದ್ದನ್ನು ಬರೆಯಬಾರದು ಎಂದು ಮೇಲಿನವರೇ ಹೇಳಿದ್ದರಲ್ಲ.

ಒಂದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಕಚೇರಿಯಲ್ಲಿ ಯಾರೂ ಇಲ್ಲದಾಗ, ತುಂಗಮ್ಮ ಬಂದಳು. ಒಬ್ಬಳೇ, ಕನ್ನಡಕ ಇಲ್ಲದೆ, ಮೆಟ್ಟಿಲನ್ನು ಎಣಿಸದೆ ಹತ್ತಿ ಬಂದಳು. ನಾನು ಎದ್ದು ನಿಂತೆ. ಅವಳು ನನ್ನ ಮುಖವನ್ನು ಮೊದಲ ಸಲ ನೋಡುವವಳಂತೆ ನೋಡಿದಳು, ಅದು ನಿಜವೂ ಆಗಿತ್ತು.

"ಆ ಕಿಟಕಿ ಅನ್ನೋದನ್ನ ಒಂದು ಸಲ ತೋರಿಸಪ್ಪ," ಎಂದಳು.

ತೆರೆದು ತೋರಿಸಿದೆ. ಬಗ್ಗಿ ನೋಡಿ, "ಇಷ್ಟೇನಾ?" ಎಂದಳು. ಆಮೇಲೆ, "ಇದರಲ್ಲಿ ನೀನು ಎಲ್ಲಿದೀಯಾ?"

ಈ ಪ್ರಶ್ನೆಯನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ನಾನು ಕೆಲಸಕ್ಕೆ ಸೇರಿದ್ದು ಪಟ್ಟಿ ಬರುವ ಮೊದಲು. ಕಚೇರಿಯವನು ಎಂದು ನನ್ನನ್ನು ಎಲ್ಲಿಯೂ ಚೀಟಿ ಕೇಳುತ್ತಿರಲಿಲ್ಲ. ನಮ್ಮ ಮನೆ ನಂಬರು ಒತ್ತಿದೆ. ಅಪ್ಪ, ಅಮ್ಮ, ಅಣ್ಣ, ಅಕ್ಕ. ಇಬ್ಬರು ತೀರಿಕೊಂಡವರು, ಒಬ್ಬ ಊರು ಬಿಟ್ಟವನು, ಒಬ್ಬಳು ಮದುವೆಯಾಗಿ ಹೋದವಳು. ನಾನು ಇರಲಿಲ್ಲ.

"ಎಳಿ ಮತ್ತೆ," ಎಂದಳು ತುಂಗಮ್ಮ.

ಬಾಗಿಲ ಕಡೆ ಒಮ್ಮೆ ನೋಡಿದೆ. ಮೂಲೆ ಹಿಡಿದು ಎಳೆದೆ. ಐದನೇ ಸಾಲಿನಲ್ಲಿ ನನ್ನ ಹೆಸರು ಬಂತು. ಇನ್ನೂ ಸ್ವಲ್ಪ ಪಕ್ಕಕ್ಕೂ ಎಳೆದೆ, ಇಲ್ಲಿಯ ತನಕ ಬಂದಾಗಿದೆ ಎಂದು. ಆ ಕಡೆ ನಾನು ಎಂದೂ ಕಾಣದ ಒಂದು ಅಂಕಣ ಇತ್ತು. ತುಂಗಮ್ಮ ಪರದೆಗೆ ಮುಖ ಹತ್ತಿರ ತಂದು, ಹೊಸ ಕಣ್ಣಿನಿಂದ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು.

"ಪದ್ಮಯ್ಯ. ವಯಸ್ಸು ಐವತ್ತೊಂದು. ಮಾಡುವ ಕೆಲಸ: ಏನೂ ಇಲ್ಲ."

ಓದಿ ನನ್ನ ಕಡೆ ತಿರುಗಿದಳು. ದನಿಯಲ್ಲಿ ಕೋಪ ಇರಲಿಲ್ಲ.

"ಸರಿಯಾಗೇ ಬರೆದಿದ್ದಾರಲ್ಲಪ್ಪ," ಎಂದಳು.